ಮೈಸೂರು ಮೃಗಾಲಯವೂ ವನ್ಯಜೀವಿ ಸಂರಕ್ಷಣೆಯೂ: ಒಂದು ವಿಮರ್ಶೆ

ಮೈಸೂರು ನಗರದ ಸಂಸ್ಥೆಗಳನ್ನು ಕುರಿತು ಬರೆಯುವವರು ಶ್ರೀ ಚಾಮರಾಜೇಂದ್ರ ಮೃಗಾಲಯವನ್ನು ಸಾಮಾನ್ಯವಾಗಿ ಎರಡು ಬಗೆಯಾಗಿ ವರ್ಣಿಸುತ್ತಾರೆ. ಅದು ಮಹಾರಾಜರ ಔದಾರ್ಯದ ಫಲವೆಂಬುದು ಒಂದು ವರ್ಣನೆ. ಅದು ವನ್ಯಜೀವಿ ಸಂರಕ್ಷಣೆಯ ಕೇಂದ್ರವೆಂಬುದು ಇನ್ನೊಂದು. ಮೊದಲನೆಯದು ಚರಿತ್ರೆಗೆ ಸೇರಿದ ಮಾತು, ಅದಕ್ಕೆ ಆಧಾರಗಳುಂಟು. ಎರಡನೆಯದು ಕೆಲವು ದಶಕಗಳಿಂದ ಈಚೆಗೆ ರೂಢಿಗೆ ಬಂದ ಮಾತು. ಅದನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವುದು ವಾಡಿಕೆಯಾಗಿದೆ. ಅರಸರ ಸಂಗ್ರಹವಾಗಿ ಹುಟ್ಟಿದ ಸಂಸ್ಥೆಯೊಂದು ಕಾಡಿನ ರಕ್ಷಣೆಗೆ ಸಾಧನವಾಗಿ ಮಾರ್ಪಟ್ಟದ್ದು ಯಾವಾಗ, ಹೇಗೆ, ಎಷ್ಟರಮಟ್ಟಿಗೆ ಎಂಬ ಪ್ರಶ್ನೆಗಳು ಚರಿತ್ರೆಯ ವಿದ್ಯಾರ್ಥಿಗಳಾದ ನಮ್ಮ ಮುಂದೆ ಸಹಜವಾಗಿಯೇ ನಿಲ್ಲುತ್ತವೆ. ಇವನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ಸಂಸ್ಥೆಯನ್ನು ನಿಂದಿಸುವುದಾಗಲಿ ಸ್ತುತಿಸುವುದಾಗಲಿ ನಮ್ಮ ಇಚ್ಛೆಯಲ್ಲ. ಒಂದು ಪದದ ಅರ್ಥವನ್ನು ಅದರ ಕಾರ್ಯದೊಡನೆ ತೂಗಿ ನೋಡುವುದಷ್ಟೇ ನಮ್ಮ ಇಚ್ಛೆ.

ಮೃಗಾಲಯದ ಹುಟ್ಟಿನ ಸಂಗತಿ ಎಲ್ಲರಿಗೂ ತಿಳಿದುದೇ. 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಅದನ್ನು ಸ್ಥಾಪಿಸಿದರು. ಆಗ ಅದರ ವಿಸ್ತೀರ್ಣ 10 ಎಕರೆಗಿಂತ ಸ್ವಲ್ಪ ಹೆಚ್ಚು. ಅದಕ್ಕಿದ್ದ ಹೆಸರು ಅರಮನೆಯ ಮೃಗಾಲಯವೆಂದು. ಎ. ಸಿ. ಹ್ಯೂಸ್ ಅವರು ಅದರ ಮೊದಲ ಮೇಲ್ವಿಚಾರಕರು. ಉದ್ಯಾನದ ವಿನ್ಯಾಸದಲ್ಲಿ ಜರ್ಮನಿಯ ಕೃಂಬಿಗಲ್ ಅವರ ಹೆಸರು ಸೇರಿಕೊಂಡಿದೆ. 1909ರಲ್ಲಿ, ದಿವಂಗತರಾಗಿದ್ದ ಸಂಸ್ಥಾಪಕರ ಹೆಸರನ್ನು ಅದಕ್ಕೆ ಇಡಲಾಯಿತು. 1948ರಲ್ಲಿ ಅದು ಅರಮನೆಯ ಕೈಯಿಂದ ಸರ್ಕಾರದ ತೋಟಗಾರಿಕೆಯ ಇಲಾಖೆಗೂ, 1972ರಲ್ಲಿ ಅರಣ್ಯ ಇಲಾಖೆಗೂ ಬಂದಿತು. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ರಚಿತವಾದ ಮೇಲೆ ಅದರ ಆಡಳಿತಕ್ಕೆ ಒಳಪಟ್ಟಿತು. ಅರಮನೆ, ತೋಟ, ಅರಣ್ಯ ಎಂಬ ಈ ಮೂರು ಒಡೆತನಗಳ ಅನುಕ್ರಮವೇ ಅರ್ಥಗರ್ಭಿತವಾಗಿದೆ. ಮೊದಲು ಪ್ರಾಣಿ ಅರಸರ ಸಂಪತ್ತು. ಬಳಿಕ ಅದು ಉದ್ಯಾನದ ಅಲಂಕಾರ. ಕೊನೆಗೆ ಮಾತ್ರ ಅದು ಕಾಡಿನಿಂದ ಬಂದ ಜೀವ. ಆದರೆ ಒಡೆತನ ಬದಲಾದ ಮಾತ್ರಕ್ಕೆ ಸಂಗ್ರಹದ ಸ್ವಭಾವ ಬದಲಾಗುವುದಿಲ್ಲ. ದೂರದೇಶದ, ಅಪರೂಪದ, ನೋಟಕರ್ಷಕವಾದ ಪ್ರಾಣಿಯನ್ನು ತರಬೇಕೆಂಬ ಹಂಬಲ ಅರಸರ ಕಾಲದಲ್ಲಿ ಹೇಗಿದ್ದಿತೋ ಪ್ರಜಾಪ್ರಭುತ್ವದ ಕಾಲದಲ್ಲಿಯೂ ಹಾಗೆಯೇ ಮುಂದುವರಿಯುವುದು ಸಾಧ್ಯ. ಅದಕ್ಕೆ ಮೊದಲು ಪ್ರತಿಷ್ಠೆಯೆಂಬ ಹೆಸರಿದ್ದಿತು, ಈಗ ಸಂರಕ್ಷಣೆಯೆಂಬ ಹೆಸರಿದೆ ಎಂದು ಯಾರಾದರೂ ಆಕ್ಷೇಪಿಸಿದರೆ ನಾವು ಏನು ಉತ್ತರ ಕೊಡಬೇಕು?

ಪ್ರಾಣಿಯನ್ನು ಕೂಡಿಟ್ಟು ಸಾಕುವುದು ಬೇರೆ, ಅದರ ಕುಲವನ್ನು ಉಳಿಸುವುದು ಬೇರೆ. ಇದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿ ಚೀತಾವಿಗಿಂತ ಸ್ಪಷ್ಟವಾದ ನಿದರ್ಶನವಿಲ್ಲ. ಕನ್ನಡ ಸೀಮೆಯವರು ಹಿಂದೆ ಸಿವಂಗಿಯೆಂದು ಕರೆಯುತ್ತಿದ್ದ ಈ ಮೃಗವನ್ನು ಮೊಗಲ್ ಬಾದಶಹರು ಬೇಟೆಗಾಗಿ ನೂರುಗಟ್ಟಲೆಯಾಗಿ ಹಿಡಿಸಿ ಸಾಕಿದರು. ಇಷ್ಟು ಸಾಕಿದರೂ ಸೆರೆಯಲ್ಲಿ ಚೀತಾ ಮರಿಹಾಕಿದ್ದು ಎಂತಹ ಅಪೂರ್ವ ಘಟನೆಯೆಂದರೆ, ಜಹಾಂಗೀರನು ತನ್ನ ಆತ್ಮಚರಿತ್ರೆಯಲ್ಲಿ ಅದನ್ನು ವಿಶೇಷವಾಗಿ ದಾಖಲಿಸಿದ್ದಾನೆ. ಸತ್ತವುಗಳ ಸ್ಥಾನಕ್ಕೆ ಪ್ರತಿ ಸಲವೂ ಕಾಡಿನಿಂದಲೇ ಹೊಸವನ್ನು ತರಬೇಕಾಯಿತು. ಅರಮನೆಯ ಸಂಗ್ರಹ ತುಂಬಿದಷ್ಟೂ ಬಯಲು ಬರಿದಾಯಿತು. ಬೇಟೆಯೂ ಬೇಸಾಯದ ವಿಸ್ತರಣೆಯೂ ಉಳಿದ ಕೆಲಸವನ್ನು ಮುಗಿಸಿದುವು. 1952ರಲ್ಲಿ ಭಾರತದಲ್ಲಿ ಚೀತಾ ನಿರ್ವಂಶವಾಯಿತೆಂದು ಘೋಷಿಸಲಾಯಿತು. ಪ್ರೀತಿಯಿಂದ ಸಾಕಿದವರೂ ನಾಶಕ್ಕೆ ಕಾರಣರಾಗಬಹುದೆಂಬುದು ಇದರಿಂದ ವಿದಿತವಾಗುತ್ತದೆ.

ಆ 1952ನೆಯ ಇಸವಿಯೇ ಮೈಸೂರಿನ ದೃಷ್ಟಿಯಿಂದಲೂ ಮುಖ್ಯವಾದುದು. ಭಾರತ ಸರ್ಕಾರ ರಚಿಸಿದ ವನ್ಯಜೀವಿ ಮಂಡಲಿಗೆ ಜಯಚಾಮರಾಜ ಒಡೆಯರು ಅಧ್ಯಕ್ಷರಾದರು. ಮಂಡಲಿಯ ಮೊದಲ ಸಭೆ ಸೇರಿದ್ದೂ ಮೈಸೂರಿನಲ್ಲಿಯೇ. ಈ ಮಂಡಲಿಯ ಪ್ರೇರಣೆಯಿಂದ 1957ರಲ್ಲಿ ಗೀರ್ ಅರಣ್ಯದ ಒಂದು ಗಂಡು, ಎರಡು ಹೆಣ್ಣು ಸಿಂಹಗಳನ್ನು ಉತ್ತರಪ್ರದೇಶದ ಚಂದ್ರಪ್ರಭಾ ಅರಣ್ಯದಲ್ಲಿ ಬಿಟ್ಟರು. ಅವು ಹನ್ನೊಂದರವರೆಗೆ ಹೆಚ್ಚಿ, 1960ರ ದಶಕದ ನಡುವಿನಲ್ಲಿ ಸುಳಿವಿಲ್ಲದೆ ಕಣ್ಮರೆಯಾದುವು. ಬಿಡುವುದು ಒಂದು ದಿನದ ಸಮಾರಂಭ, ಬಿಟ್ಟುದನ್ನು ಕಾಯುವುದು ಹಲವು ವರ್ಷಗಳ ದುಡಿಮೆ ಎಂಬ ಪಾಠ ಅಂದೇ ದೊರೆತಿದ್ದಿತು.

ಮುಂದೆ ಕಾನೂನು ತನ್ನ ಕೆಲಸವನ್ನು ಮಾಡಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಬಂದಿತು. 1991ರ ತಿದ್ದುಪಡಿಯಿಂದ ಮೃಗಾಲಯಗಳಿಗೆ ಸಂಬಂಧಿಸಿದ ಪ್ರತ್ಯೇಕ ಅಧ್ಯಾಯ ಅದಕ್ಕೆ ಸೇರಿತು. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಸ್ಥಾಪಿತವಾಯಿತು. ಪ್ರಾಧಿಕಾರದ ಮನ್ನಣೆಯಿಲ್ಲದೆ ಯಾವ ಮೃಗಾಲಯವೂ ನಡೆಯುವಂತಿಲ್ಲ. 1998ರ ರಾಷ್ಟ್ರೀಯ ಮೃಗಾಲಯ ನೀತಿಯು, ದೇಶದ ವನ್ಯಜೀವಿ ಸಂರಕ್ಷಣೆಗೆ ಪೂರಕವಾಗಿ ನಿಲ್ಲುವುದೇ ಮೃಗಾಲಯಗಳ ಮುಖ್ಯ ಧ್ಯೇಯವೆಂದು ಸಾರಿತು. ಒಪ್ಪಿಗೆ ಪಡೆದ ಸಂತಾನಾಭಿವೃದ್ಧಿಯ ಕಾರ್ಯಕ್ಕೆ ಮೂಲಪ್ರಾಣಿಗಳು ಬೇಕಾದಾಗ, ಇಲ್ಲವೆ ಕುಗ್ಗಿದ ಗುಂಪಿಗೆ ಹೊಸ ರಕ್ತ ಬೇಕಾದಾಗ ಹೊರತು ಕಾಡಿನಿಂದ ಪ್ರಾಣಿಯನ್ನು ಹಿಡಿದು ತರಕೂಡದೆಂದು ಕಟ್ಟುಪಾಡು ವಿಧಿಸಿತು. 2009ರ ನಿಯಮಗಳ ಮೇರೆಗೆ ಪ್ರತಿಯೊಂದು ಮೃಗಾಲಯವೂ ಯಾವ ಜಾತಿಯ ಪ್ರಾಣಿಗಳನ್ನು ಎಷ್ಟು ಸಂಖ್ಯೆಯಲ್ಲಿ ಇಟ್ಟುಕೊಳ್ಳುವುದೆಂಬ ಸಂಗ್ರಹ ಯೋಜನೆಯನ್ನು ಬರೆದಿಡಬೇಕು. ಆದುದರಿಂದ ಇಂದು ಮೃಗಾಲಯವನ್ನು ಅದರದೇ ಧ್ಯೇಯವಾಕ್ಯದಿಂದ ಅಳೆಯಲು ನಮಗೆ ಅಧಿಕಾರವುಂಟು.

ಅಳತೆಗೋಲು ಯಾವುದು? ಮೃಗಾಲಯವು ಸಂರಕ್ಷಣೆಗೆ ನೆರವಾದ ಪ್ರಸಂಗಗಳನ್ನು ನೋಡಿದರೆ ಅದು ಸಿಕ್ಕುತ್ತದೆ. 1907ರಲ್ಲಿ ನ್ಯೂಯಾರ್ಕಿನ ಮೃಗಾಲಯದಿಂದ 15 ಅಮೆರಿಕನ್ ಬೈಸನ್‌ಗಳನ್ನು ರೈಲಿನಲ್ಲಿ ಒಕ್ಲಹೋಮಾದ ವಿಚಿಟಾ ಬೆಟ್ಟಗಳಿಗೆ ಕಳುಹಿಸಲಾಯಿತು. ಬಯಲಿನಲ್ಲಿ ನಿರ್ನಾಮವಾಗಿದ್ದ ಹಿಂಡು ಅಲ್ಲಿ ಮತ್ತೆ ಬೆಳೆಯಿತು. ಅರೇಬಿಯದ ಓರಿಕ್ಸ್ ಜಿಂಕೆ 1972ರ ಹೊತ್ತಿಗೆ ಕಾಡಿನಲ್ಲಿ ಅಳಿಯಿತು. ಆದರೆ 1963ರಿಂದ ಫೀನಿಕ್ಸ್ ಮೃಗಾಲಯದಲ್ಲಿ ಬೆಳೆಸಿದ್ದ ಹಿಂಡಿನ ಸಂತತಿಯನ್ನು 1982ರಲ್ಲಿ ಓಮಾನಿನ ಮರಳುಗಾಡಿಗೆ ಬಿಡಲು ಸಾಧ್ಯವಾಯಿತು. ನಮ್ಮ ದೇಶದಲ್ಲಿಯೇ, ಅಸ್ಸಾಮಿನ ಕುಬ್ಜಹಂದಿಯನ್ನು 1996ರಲ್ಲಿ ಮಾನಸ ಅರಣ್ಯದಿಂದ ಹಿಡಿದ ಆರು ಪ್ರಾಣಿಗಳಿಂದ ಮೊದಲು ಮಾಡಿ ಬೆಳೆಸಿ, 2008ರಲ್ಲಿ ಸೋನಾಯಿ ರೂಪಾಯಿ ಅಭಯಾರಣ್ಯದಲ್ಲಿ 16 ಪ್ರಾಣಿಗಳನ್ನು ಬಿಡಲಾಯಿತು. ಕುಬ್ಜಹಂದಿಯ ಕೇಂದ್ರ ಜನರಿಗೆ ಪ್ರದರ್ಶನ ನೀಡುವ ಮೃಗಾಲಯವೇ ಅಲ್ಲವೆಂಬುದು ಗಮನಾರ್ಹ.

ಈ ಮೂರು ಪ್ರಸಂಗಗಳಿಂದ ಮೂರು ಲಕ್ಷಣಗಳನ್ನು ಹೊರತೆಗೆಯಬಹುದು. ಒಂದು: ಆರಿಸಿಕೊಂಡ ಪ್ರಾಣಿಗೆ ಸೆರೆಯ ಸಂತಾನವೃದ್ಧಿಯ ಅಗತ್ಯ ನಿಜವಾಗಿಯೂ ಇರಬೇಕು, ಎಂದರೆ ಕಾಡಿನಲ್ಲಿ ಅದರ ಉಳಿವು ಸಂದೇಹಾಸ್ಪದವಾಗಿರಬೇಕು. ಎರಡು: ಅದರ ವಂಶಾವಳಿಯನ್ನು ಲಿಖಿತವಾಗಿ ಇಟ್ಟು, ಸಮೀಪಬಂಧುಗಳು ಕೂಡದಂತೆ, ಮೂಲಪ್ರಾಣಿಗಳ ಗುಣವೈವಿಧ್ಯ ಕೆಲವು ತಲೆಮಾರುಗಳಲ್ಲಿಯೇ ಸೋರಿಹೋಗದಂತೆ, ಹಲವು ಮೃಗಾಲಯಗಳು ಒಂದೇ ಮನೆಯವರಂತೆ ನಡೆದುಕೊಳ್ಳಬೇಕು. ಮೂರು: ಹಿಂದಿರುಗಲು ಒಂದು ಕಾಡಿರಬೇಕು, ಆ ಕಾಡಿನಲ್ಲಿ ಅವನತಿಗೆ ಕಾರಣವಾದ ದೋಷ ನಿವಾರಣೆಯಾಗಿರಬೇಕು. ಮೂರನೆಯದು ತಪ್ಪಿದಾಗ ಮೊದಲೆರಡರ ಶ್ರಮ ವ್ಯರ್ಥ. ಓಮಾನಿನಲ್ಲಿ 1996ರಿಂದ ಕಳ್ಳಬೇಟೆ ಮತ್ತೆ ತಲೆಯೆತ್ತಿ ಓರಿಕ್ಸ್ ಹಿಂಡು ಕುಸಿಯಿತು. ಅಲ್ಲಿನ ಅಭಯಾರಣ್ಯದ ಹೆಸರನ್ನು 2007ರಲ್ಲಿ ಯುನೆಸ್ಕೋ ತನ್ನ ವಿಶ್ವಪರಂಪರೆಯ ಪಟ್ಟಿಯಿಂದ ತೆಗೆದುಹಾಕಿತು. ಫೀನಿಕ್ಸ್ ಮೃಗಾಲಯವು ಮಾಡಿದ ಕೆಲಸದಲ್ಲಿ ಲೋಪವಿರಲಿಲ್ಲ; ಲೋಪವಿದ್ದುದು ಮರಳುಗಾಡಿನ ಕಾವಲಿನಲ್ಲಿ.

ಈ ಮೂರು ಲಕ್ಷಣಗಳನ್ನು ಹಿಡಿದು ಮೈಸೂರಿಗೆ ಬರೋಣ. ಕೇಂದ್ರ ಪ್ರಾಧಿಕಾರವು ಯೋಜಿತ ಸಂತಾನಾಭಿವೃದ್ಧಿಗಾಗಿ ಎಪ್ಪತ್ತಕ್ಕೂ ಹೆಚ್ಚು ಜಾತಿಯ ಪ್ರಾಣಿಗಳನ್ನು ಆರಿಸಿ ಮೃಗಾಲಯಗಳಿಗೆ ಹಂಚಿದೆ. ಮೈಸೂರಿನ ಹೊಣೆಗೆ ಬಂದವುಗಳಲ್ಲಿ ಕಾಟಿಯು ಮುಖ್ಯವಾದುದು. ನಗರದ ಹೊರವಲಯದ ಕೂರ್ಗಳ್ಳಿಯಲ್ಲಿ, ನೋಟಕರಿಂದ ದೂರವಾಗಿ, ಅದಕ್ಕಾಗಿ ಕೇಂದ್ರವೊಂದಿದೆ. ಕೆಲಸ ಜನರ ಕಣ್ಣಿನಿಂದ ಮರೆಯಾಗಿ ನಡೆಯಬೇಕೆಂಬ ತತ್ತ್ವ ಸರಿಯಾದುದು. ಮನುಷ್ಯರ ಸಂಪರ್ಕಕ್ಕೆ ಒಗ್ಗಿದ ಪ್ರಾಣಿ ಕಾಡಿಗೆ ಮರಳಲಾರದು. ಆದರೆ ಆಯ್ಕೆಯ ವಿಷಯದಲ್ಲಿ ಒಂದು ಪ್ರಶ್ನೆಯುಂಟು. ಮೈಸೂರಿನಿಂದ ಕೆಲವು ಗಾವುದ ದೂರದ ನಾಗರಹೊಳೆ, ಬಂಡೀಪುರಗಳಲ್ಲಿ ಕಾಟಿಗಳು ಹಿಂಡುಹಿಂಡಾಗಿ ಮೇಯುತ್ತಿವೆ. ಮಧ್ಯಪ್ರದೇಶದ ಬಾಂಧವಗಢದಲ್ಲಿ ಕಾಟಿ 1998ರ ಹೊತ್ತಿಗೆ ಇಲ್ಲವಾದಾಗ, 2011 ಮತ್ತು 2012ರಲ್ಲಿ ಅಲ್ಲಿಗೆ ತಂದ 50 ಕಾಟಿಗಳು ಕಾನ್ಹಾ ಅರಣ್ಯದಿಂದ ಬಂದುವು. ಯಾವ ಮೃಗಾಲಯದಿಂದಲೂ ಅಲ್ಲ. ಹಾಗೆಯೇ 2022ರಲ್ಲಿ ಕೂನೋ ಅರಣ್ಯಕ್ಕೆ ತಂದ ಚೀತಾಗಳು ನಮೀಬಿಯದಿಂದ ಬಂದುವು. ಮೈಸೂರಿನ ಮೃಗಾಲಯ 2020ರಲ್ಲಿ ದಕ್ಷಿಣ ಆಫ್ರಿಕದಿಂದ ತರಿಸಿಕೊಂಡಿದ್ದ ಚೀತಾಗಳು ಪ್ರದರ್ಶನಕ್ಕೆ ಮೀಸಲಾದವು. ಕಾಡಿನ ಅಗತ್ಯ ಒದಗಿದಾಗ ಕಾಡಿನ ಪ್ರಾಣಿಯನ್ನೇ ಆಶ್ರಯಿಸುವುದಾದರೆ ಸೆರೆಯ ಹಿಂಡಿನ ಪ್ರಯೋಜನವೇನು?

ಈ ಪ್ರಶ್ನೆಗೆ ಉತ್ತರವಿಲ್ಲವೆಂದು ನಾವು ಹೇಳುವುದಿಲ್ಲ. 1968ರಲ್ಲಿ ದೊಡ್ಡರೋಗವೆಂಬ ಜಾನುವಾರು ಪಿಡುಗು ಬಂಡೀಪುರ ಮುದುಮಲೆಗಳ ಕಾಟಿಗಳನ್ನು ಹೇರಳವಾಗಿ ಬಲಿತೆಗೆದುಕೊಂಡಿತು. ಆ ರೋಗ 2011ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಗಿದ್ದರೂ, ಕಾಲುಬಾಯಿ ಜ್ವರದಂತಹ ರೋಗಗಳು ಇನ್ನೂ ಇವೆ. ಕಾಡಂಚಿನ ದನಗಳಿಂದ ದೂರವಿರುವ ಒಂದು ಹಿಂಡು ಆಪತ್ಕಾಲದ ಬೀಜಧಾನ್ಯದಂತೆ ಇರಲೆಂದರೆ ಅದು ಒಪ್ಪತಕ್ಕ ವಾದ. ಆದರೆ ಬೀಜಧಾನ್ಯವನ್ನು ಇಡುವ ರೈತನು ಅದರ ಮೂಲವನ್ನೂ ಪ್ರಮಾಣವನ್ನೂ ಬಿತ್ತುವ ಹೊಲವನ್ನೂ ಬಲ್ಲನು. ಹಿಂಡಿನ ಮೂಲಪ್ರಾಣಿಗಳು ಎಷ್ಟು, ಅವುಗಳ ವಂಶಾವಳಿ ಹೇಗೆ ಹರಿದಿದೆ, ಯಾವ ಕಾಡಿಗೆ ಯಾವ ಸಂದರ್ಭದಲ್ಲಿ ಅವು ಹೋಗತಕ್ಕವು ಎಂಬ ಮೂರು ವಿವರಗಳು ವಾರ್ಷಿಕ ವರದಿಯ ಮೊದಲ ಪುಟದಲ್ಲಿರಬೇಕು. ಹುಟ್ಟಿದ ಮರಿಗಳ ಸಂಖ್ಯೆಯೊಂದೇ ಸಂರಕ್ಷಣೆಯ ಸಾಕ್ಷಿಯಾಗಲಾರದು; ಮುಂದಿನ ದಾರಿ ಗೊತ್ತಿಲ್ಲದ ಮರಿ ಸಂಗ್ರಹಕ್ಕೆ ಸೇರುವ ಇನ್ನೊಂದು ಪ್ರಾಣಿಯಷ್ಟೆ.

ಸಿಂಗಳೀಕದ ವಿಷಯ ಇದಕ್ಕಿಂತ ಭಿನ್ನವಾದುದು. ಪಶ್ಚಿಮಘಟ್ಟಗಳನ್ನು ಬಿಟ್ಟು ಲೋಕದ ಬೇರೆಲ್ಲಿಯೂ ಈ ಪ್ರಾಣಿ ಕಾಡಿನಲ್ಲಿಲ್ಲ. ಇರುವುವೂ ಕೆಲವೇ ಸಾವಿರ. ಮೈಸೂರು ವಿಶ್ವವಿದ್ಯಾನಿಲಯದ ಪ್ರೊಫೆಸರ್ ಮೇವಾ ಸಿಂಗ್ ಅವರೂ ಅವರ ಸಹೋದ್ಯೋಗಿಗಳೂ ಈ ಪ್ರಾಣಿಯನ್ನು ಹಲವು ವರ್ಷ ಅಭ್ಯಸಿಸಿದವರು. ಶಿರಸಿ ಹೊನ್ನಾವರಗಳ ನಡುವಣ ಕಾಡಿನಲ್ಲಿ 30ಕ್ಕೂ ಮಿಕ್ಕ ಗುಂಪುಗಳಲ್ಲಿ ಅದು ಬದುಕಿರುವುದು ಇಂತಹ ಕ್ಷೇತ್ರಕಾರ್ಯದಿಂದ ಬೆಳಕಿಗೆ ಬಂದಿತು. ಅದರ ಫಲವಾಗಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವೂ 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯವೂ ರೂಪುಗೊಂಡುವು. ಇಲ್ಲಿ ಕುಲವನ್ನು ಉಳಿಸಿದ ಸಾಧನ ಪಂಜರವಲ್ಲ. ಕಾಡಿನಲ್ಲಿ ನಡೆದು ಎಣಿಸಿದವರ ಟಿಪ್ಪಣಿಪುಸ್ತಕ. ಆದರೂ ಮೃಗಾಲಯಕ್ಕೆ ಇಲ್ಲಿ ಪಾತ್ರವಿಲ್ಲವೆನ್ನಲಾಗದು. ಮೃಗಾಲಯದ ಆವರಣದಲ್ಲಿರುವ ಸಿಂಗಳೀಕವನ್ನು ನೋಡಿದವನು ಅಘನಾಶಿನಿಯ ಹೆಸರನ್ನು ಕೇಳದೆ ಮನೆಗೆ ಹಿಂದಿರುಗಿದರೆ ಆ ನೋಟ ಅರ್ಧವಾಯಿತು. ನಾವು ವಿದ್ಯಾರ್ಥಿಗಳೊಡನೆ ಮೃಗಾಲಯಕ್ಕೆ ಹೋದಾಗ ಅವರ ಟಿಪ್ಪಣಿಗಳನ್ನು ಓದಿ ನೋಡಿದೆವು. ಜಿರಾಫೆಯೂ ಜೀಬ್ರಾವೂ ಗೊರಿಲ್ಲವೂ ಎಲ್ಲರ ಬರವಣಿಗೆಯಲ್ಲಿದ್ದುವು. ಸಿಂಗಳೀಕವನ್ನು ಬರೆದವರು ಅದನ್ನು ಬರಿಯ ಕೋತಿಯೆಂದು ಬರೆದಿದ್ದರು. ತಪ್ಪು ವಿದ್ಯಾರ್ಥಿಗಳದಲ್ಲ, ಅವರನ್ನು ಕರೆದೊಯ್ದ ನಮ್ಮದೂ ಅದರಲ್ಲಿ ಪಾಲುಂಟು.

ಗೊರಿಲ್ಲದ ಹೆಸರು ಬಂದುದರಿಂದ ಆ ಪ್ರಸಂಗವನ್ನೂ ವಿಚಾರಿಸಬೇಕು. 1995ರಲ್ಲಿ ಡಬ್ಲಿನ್ ಮೃಗಾಲಯದಿಂದ ಬಂದ ಪೋಲೊ ಎಂಬ ಗಂಡು ಗೊರಿಲ್ಲ ಹಲವು ವರ್ಷ ಭಾರತದ ಏಕೈಕ ಗೊರಿಲ್ಲವೆಂದು ಹೆಸರಾಗಿದ್ದು, ಸಂಗಾತಿಯಿಲ್ಲದೆಯೇ 2014ರಲ್ಲಿ ಸತ್ತಿತು. ನ್ಯಾಯವಾದ ಕಾರಣವಿಲ್ಲದೆ ಯಾವ ಪ್ರಾಣಿಯನ್ನೂ ಒಂದು ವರ್ಷಕ್ಕಿಂತ ಹೆಚ್ಚುಕಾಲ ಜೊತೆಯಿಲ್ಲದೆ ಇಡಬಾರದೆಂದು 1992ರ ನಿಯಮಗಳೇ ವಿಧಿಸಿದ್ದುವು. ಜೊತೆಯನ್ನು ತರಲು ಪ್ರಯತ್ನ ನಡೆಯಿತೆಂಬುದೂ ಅದು ಕೈಗೂಡಲಿಲ್ಲವೆಂಬುದೂ ನಿಜ. ಏಕೈಕವೆಂಬ ವಿಶೇಷಣ ನಮ್ಮ ಪತ್ರಿಕೆಗಳಲ್ಲಿ ಹೆಮ್ಮೆಯ ಮಾತಾಗಿ ಮೆರೆಯಿತು. ಆ ಪ್ರಾಣಿಯ ಪಾಲಿಗೆ ಅದು ಏನಾಗಿದ್ದಿತೆಂದು ಕೇಳಿದವರು ವಿರಳ. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಗಳು ಬಂದುವು. ಒಂಟಿತನದ ದೋಷ ಇದರಿಂದ ಪರಿಹಾರವಾಯಿತೆಂಬುದನ್ನು ಸಂತೋಷದಿಂದ ಒಪ್ಪುತ್ತೇವೆ. ಗೊರಿಲ್ಲದ ಕುಟುಂಬದಲ್ಲಿ ಒಂದು ಪ್ರೌಢ ಗಂಡಿಗೆ ಹಲವು ಹೆಣ್ಣುಗಳಿರುವುದರಿಂದ ಮಿಕ್ಕ ಗಂಡುಗಳಿಗೆ ನೆಲೆ ಬೇಕು; ಅಂತಹ ನೆಲೆಯನ್ನು ಕೊಡುವುದೂ ಯೂರೋಪಿನ ಮೃಗಾಲಯಗಳ ಸಂತಾನಯೋಜನೆಗೆ ಒಂದು ಉಪಕಾರವೇ. ಆದರೆ ಎರಡು ಗಂಡುಗಳಿಂದ ಮೈಸೂರಿನಲ್ಲಿ ಸಂತಾನವಾಗದು. ಆಫ್ರಿಕದ ಕಾಡಿಗೆ ಇಲ್ಲಿಂದ ಗೊರಿಲ್ಲ ಹೋಗದು. ಆದುದರಿಂದ ಇದನ್ನು ಒಳ್ಳೆಯ ಪಾಲನೆಯೆಂದೂ ಉತ್ತಮ ಪ್ರದರ್ಶನವೆಂದೂ ಕರೆಯೋಣ. ಸಂರಕ್ಷಣೆಯೆಂಬ ಪದವನ್ನು ಇದಕ್ಕೂ ಕೂರ್ಗಳ್ಳಿಯ ಕೆಲಸಕ್ಕೂ ಸಮಾನವಾಗಿ ಬಳಸಿದರೆ ಪದ ಸವೆಯುತ್ತದೆ.

ಇದಕ್ಕೆ ಬರತಕ್ಕ ಪ್ರತಿವಾದ ಬಲವಾದುದೇ. ಮೈಸೂರು ಮೃಗಾಲಯ ಮುಖ್ಯವಾಗಿ ಪ್ರವೇಶಶುಲ್ಕದಿಂದ ನಡೆಯುವ ಸಂಸ್ಥೆ. ಜನರು ಬರುವುದು ಗೊರಿಲ್ಲ, ಜಿರಾಫೆಗಳನ್ನು ನೋಡಲು. ಅವರು ಕೊಟ್ಟ ಹಣದಿಂದಲೇ ಕಾಟಿಗೆ ಹುಲ್ಲು, ತೋಳಕ್ಕೆ ಮಾಂಸ, ವೈದ್ಯರಿಗೆ ಸಂಬಳ. ಆಕರ್ಷಣೆ ತಗ್ಗಿದರೆ ಸಂರಕ್ಷಣೆಯೂ ತಗ್ಗುತ್ತದೆ. ಈ ವಾದದ ಸತ್ಯ 2020ರಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿತು. ಕೊರೋನಾ ವ್ಯಾಧಿಯ ಕಾಲದಲ್ಲಿ ಬಾಗಿಲು ಮುಚ್ಚಿದಾಗ ಆದಾಯ ನಿಂತಿತು. ಪ್ರಾಣಿಗಳ ಹಸಿವು ನಿಲ್ಲಲಿಲ್ಲ. ಸಾರ್ವಜನಿಕರ ನೆರವನ್ನು ಕೋರಬೇಕಾಯಿತು. ಅದಕ್ಕೆ ಮೊದಲು 2017ರ ಆರಂಭದಲ್ಲಿ ಹಕ್ಕಿಜ್ವರದಿಂದಾಗಿ ಸುಮಾರು ಒಂದು ತಿಂಗಳು ಮೃಗಾಲಯ ಮುಚ್ಚಿದ್ದಿತು. ಮೈಸೂರಿನ ನಾಗರಿಕರು ಅಂತಹ ಸಮಯದಲ್ಲಿ ಕೈಬಿಡಲಿಲ್ಲವೆಂಬುದೂ, ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆಗೆ ಶಾಲಾ ಮಕ್ಕಳಿಂದ ಹಿಡಿದು ಉದ್ಯಮಿಗಳವರೆಗೆ ಜನ ಮುಂದೆ ಬಂದರೆಂಬುದೂ ಸ್ಮರಣಾರ್ಹ.

ಆದರೆ ಈ ವಾದ ಎಷ್ಟನ್ನು ಸಾಧಿಸುತ್ತದೆ? ಪ್ರದರ್ಶನವು ಹಣದ ಮೂಲವೆಂಬುದನ್ನು ಸಾಧಿಸುತ್ತದೆ, ಪ್ರದರ್ಶನವೇ ಗುರಿಯೆಂಬುದನ್ನಲ್ಲ. ದೇವಾಲಯಕ್ಕೆ ಜಾತ್ರೆಯಿಂದ ವರಮಾನ ಬರುವುದುಂಟು. ಆದರೆ ಜಾತ್ರೆಗಾಗಿ ದೇವಾಲಯವಿದೆಯೆಂದು ಧರ್ಮದರ್ಶಿಗಳು ಹೇಳಲಾರರು. ಗೊರಿಲ್ಲದಿಂದ ಬಂದ ಹಣದಲ್ಲಿ ಎಷ್ಟು ಪಾಲು ಸಿಂಗಳೀಕದ ಕಾಡಿಗೆ ಹೋಯಿತೆಂದು ತೋರಿಸಿದಾಗ ಮಾತ್ರ ಈ ವಾದ ಪೂರ್ಣವಾಗುತ್ತದೆ. ತೋರಿಸದಿದ್ದರೆ, ಹಣವು ಮತ್ತೊಂದು ವಿದೇಶೀ ಪ್ರಾಣಿಯನ್ನೂ ಅದಕ್ಕಾಗಿ ಮತ್ತೊಂದು ಆವರಣವನ್ನೂ ತರಲು ಹೋಗುತ್ತದೆಯೆಂಬ ಸಂದೇಹಕ್ಕೆ ಎಡೆಯಾಗುತ್ತದೆ. ಇನ್ನೂ ಒಂದು ಮಾತು: ಕಾಡಿನ ರಕ್ಷಣೆಯಂತಹ ದೀರ್ಘಕಾಲದ ಕಾರ್ಯವನ್ನು ಟಿಕೆಟಿನ ದಿನವಹಿ ವರಮಾನಕ್ಕೆ ಕಟ್ಟಿಹಾಕುವುದು ಸರ್ಕಾರಕ್ಕೂ ಶೋಭೆಯಲ್ಲ. ಮೂರು ತಲೆಮಾರುಗಳ ವಂಶಾವಳಿಯನ್ನು ಕಾಯಬೇಕಾದ ಸಂಸ್ಥೆ ಮೂರು ತಿಂಗಳು ಬಾಗಿಲು ಮುಚ್ಚಿದರೆ ಕಂಗೆಡಬಾರದು.

ಮೃಗಾಲಯದ ಉಳಿದ ಸೇವೆಗಳನ್ನು ಹೇಳದೆ ಹೋದರೆ ಈ ವಿಮರ್ಶೆ ಏಕಪಕ್ಷೀಯವಾದೀತು. ಗಾಯಗೊಂಡ, ತಾಯಿಯನ್ನು ಕಳೆದುಕೊಂಡ, ಊರಿಗೆ ನುಗ್ಗಿ ಸೆರೆಸಿಕ್ಕಿದ ಹುಲಿ ಚಿರತೆಗಳಿಗೆ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರ ಆಶ್ರಯ ಕೊಟ್ಟಿದೆ. ಯುವಜನರಿಗಾಗಿ ನಡೆಸುವ ಕ್ಲಬ್ಬು ಮೈಸೂರಿನಲ್ಲಿ ಎಷ್ಟೋ ಮಂದಿಗೆ ಪ್ರಾಣಿಲೋಕದ ಮೊದಲ ಪಾಠವನ್ನು ಹೇಳಿಕೊಟ್ಟಿದೆ. ಕಾರಂಜಿ ಕೆರೆಯನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡು ಹಕ್ಕಿಗಳ ನೆಲೆಯಾಗಿ ಕಾಪಾಡಿದ್ದು ಬಹುಶಃ ಮೃಗಾಲಯವು ನಗರಕ್ಕೆ ಮಾಡಿದ ಅತ್ಯಂತ ನಿಜವಾದ ಸಂರಕ್ಷಣಾ ಕಾರ್ಯ. ಅಲ್ಲಿ ಹಕ್ಕಿ ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಆದರೆ ಇವುಗಳಲ್ಲಿಯೂ ಭೇದವನ್ನು ಗುರುತಿಸಬೇಕು. ಒಂದು ಚಿರತೆಯ ಪ್ರಾಣವನ್ನು ಉಳಿಸುವುದು ದಯೆ. ಚಿರತೆಗಳ ಕುಲವನ್ನು ಉಳಿಸುವುದು ಸಂರಕ್ಷಣೆ. ಎರಡೂ ಶ್ರೇಷ್ಠ, ಎರಡೂ ಒಂದಲ್ಲ. ಆಶ್ರಯ ಪಡೆದ ಚಿರತೆ ಸಾಯುವವರೆಗೆ ಆವರಣದಲ್ಲಿಯೇ ಇರುತ್ತದೆ. ಅದು ಬಿಟ್ಟುಬಂದ ಕಾಡಂಚಿನ ಸಮಸ್ಯೆ ಹಾಗೆಯೇ ಉಳಿದಿರುತ್ತದೆ.

ಇಷ್ಟು ವಿವೇಚನೆಯಿಂದ ನಾವು ತಲಪುವ ನಿರ್ಣಯವಿದು. ಮೈಸೂರು ಮೃಗಾಲಯದ ಚರಿತ್ರೆಯನ್ನು ಇಂದಿನವರೆಗೆ ಒಳಬಂದ ಪ್ರಾಣಿಗಳ ಚರಿತ್ರೆಯಾಗಿ ಬರೆಯಲಾಗಿದೆ: ಯಾವ ವರ್ಷ ಯಾವ ದೇಶದಿಂದ ಯಾವುದು ಬಂದಿತು, ಯಾರು ಸ್ವಾಗತಿಸಿದರು ಎಂದು. ಅದು ಅರಮನೆಯ ಉಗ್ರಾಣದ ಲೆಕ್ಕದ ಪದ್ಧತಿ. ಸಂರಕ್ಷಣೆಯ ಲೆಕ್ಕ ಇದಕ್ಕೆ ವಿಲೋಮವಾದುದು. ಬಾಗಿಲಿನಿಂದ ಹೊರಹೋದದ್ದನ್ನು ಅದು ಕೇಳುತ್ತದೆ. ಕಾಡಿಗೆ ಹೋದ ಪ್ರಾಣಿ ಎಷ್ಟು, ಕಾಡಿನ ಸಂಶೋಧನೆಗೂ ಕಾವಲಿಗೂ ಹೋದ ಹಣ ಎಷ್ಟು, ಇಲ್ಲಿ ಕಲಿತು ಕಾಡಿನ ಕೆಲಸಕ್ಕೆ ಹೋದ ವೈದ್ಯರೂ ವಿದ್ಯಾರ್ಥಿಗಳೂ ಎಷ್ಟು? ಈ ಮೂರನ್ನು ವರ್ಷಕ್ಕೊಮ್ಮೆ ಬಹಿರಂಗವಾಗಿ, ಹೆಬ್ಬಾಗಿಲಿನಲ್ಲಿಯೇ, ಪ್ರವೇಶಶುಲ್ಕದ ಫಲಕದ ಪಕ್ಕದಲ್ಲಿ ಕನ್ನಡದಲ್ಲಿ ಬರೆದು ನಿಲ್ಲಿಸಿದರೆ, ಶುಲ್ಕ ಕೊಡುವವನಿಗೆ ತಾನು ಯಾವುದಕ್ಕೆ ಪಾಲುದಾರನಾದೆನೆಂಬುದು ತಿಳಿಯುತ್ತದೆ. ಹೊಸ ವಿದೇಶೀ ಪ್ರಾಣಿಯನ್ನು ತರುವ ಮುನ್ನ, ಅಷ್ಟೇ ವೆಚ್ಚದಲ್ಲಿ ನಮ್ಮ ನಾಡಿನ ಯಾವ ಪ್ರಾಣಿಗೆ ಏನು ಮಾಡಬಹುದಾಗಿದ್ದಿತೆಂಬ ತುಲನೆಯನ್ನು ಪ್ರಕಟಿಸುವುದೂ ಯುಕ್ತ.

ಕಾಲೇಜುಗಳಿಗೂ ಇಲ್ಲಿ ಕೆಲಸವುಂಟು. ಮೃಗಾಲಯದ ಹಳೆಯ ದಾಖಲೆಗಳು ನಮ್ಮ ನಾಡಿನ ಕಾಡುಗಳ ಪರೋಕ್ಷ ಚರಿತ್ರೆ. ಯಾವ ಪ್ರಾಣಿ ಯಾವ ತಾಲ್ಲೂಕಿನಿಂದ ಹಿಡಿದು ತಂದುದೆಂಬುದನ್ನು ಕಾಕನಕೋಟೆಯ ಖೆಡ್ಡಾ ಮೊದಲಾದವುಗಳ ದಾಖಲೆಗಳೊಡನೆ ಹೋಲಿಸಿದರೆ, ಯಾವ ಸೀಮೆಯಲ್ಲಿ ಯಾವ ಪ್ರಾಣಿ ಎಂದಿನವರೆಗೆ ಇದ್ದಿತೆಂಬುದನ್ನು ಊಹಿಸಲು ದಾರಿಯಾಗುತ್ತದೆ. ಪ್ರಾಣಿಯನ್ನು ಎಲ್ಲಿಗೆ ಹಿಂದಿರುಗಿಸಬೇಕೆಂದು ಮುಂದೊಂದು ದಿನ ಯಾರಾದರೂ ಕೇಳಿದಾಗ ಇತಿಹಾಸ ವಿಭಾಗದವರು ಉತ್ತರ ಹೇಳಬೇಕಾದ ಪ್ರಸಂಗ ಬಾರದೆ ಇರದು. ಆ ಕೆಲಸಕ್ಕೆ ಈ ವರ್ಷವೇ ಕೈಹಾಕುವ ವಿದ್ಯಾರ್ಥಿಗಳಿದ್ದರೆ ಅವರಿಗೆ ನಮ್ಮಿಂದಾಗುವ ಸಹಾಯವನ್ನು ಮಾಡಲು ಸಿದ್ಧರಾಗಿದ್ದೇವೆ.